ಬೇಸಿಗೇಲಿ ಅಘನಾಶಿನಿ ಅಳಿವೆಯ ಹಕ್ಕಿಗಳು: ಗಡಿಯಾರ ಬಿಟ್ಟು ತಿಥಿ ಹಿಡಿದ ನನ್ನ ಅನುಭವ

ಏಪ್ರಿಲ್ ಅರ್ಧ ಕಳೆದ್ಮೇಲೆ ಕರಾವಳೀಲಿ ಚಳಿಗಾಲಕ್ಕೆ ವಲಸೆ ಬಂದ ದಡದ ಹಕ್ಕಿ ಇರಲ್ಲ, ಎಲ್ಲ ವಾಪಸ್ ಹೋಗಿರ್ತವೆ, ದೂರದ ಹಕ್ಕಿ ನೋಡೋ ಸ್ಕೋಪ್ ಒರೆಸಿ ಒಳಗಿಡು, ಸೆಪ್ಟೆಂಬರಿಗೆ ತೆಗೆದ್ರಾಯ್ತು ಅಂತ ನಮ್ಮ ಬಳಗದ ಹಿರಿಯರು ಎಷ್ಟೋ ವರ್ಷದಿಂದ ಹೇಳ್ತಾನೇ ಬಂದಿದಾರೆ. ಬೇಸಿಗೆ ಅಂದ್ರೆ ಘಟ್ಟ ಹತ್ತಬೇಕು, ದಾಂಡೇಲಿ ಕಡೆ ಹೋಗಿ ಹಾರ್ನ್‌ಬಿಲ್ ನೋಡ್ಬೇಕು ಅನ್ನೋದು ಅವ್ರ ಮಾತು. ನನ್ನ ಕೆಲಸ, ಮನೆ ಎಲ್ಲ ಕುಮಟಾ ಕಡೆ, ದಿನಾ ಘಟ್ಟ ಹತ್ತೋಕಾಗಲ್ಲ, ಹಾಗಾಗಿ ಇಲ್ಲೇ ಇರೋ, ಅಘನಾಶಿನಿ ನದಿ ಕಡಲು ಸೇರೋ ಅಳಿವೇಲೇ ದಿನಾ ನೋಡ್ತೀನಿ ಅಂತ ಹಟ ಹಿಡಿದೆ. ಈ ಮೇ ತಿಂಗಳು ಒಂದೇ ಮರಳ ದಿಬ್ಬದ ಮೇಲೆ ಒಂದೇ ಸಲಕ್ಕೆ ಮುನ್ನೂರರ ಹತ್ತಿರ ಹಕ್ಕಿ ಕೂತಿದ್ದು ಎಣಿಸಿ, ಫೋಟೋ ಸಮೇತ ಹಕ್ಕಿ ಎಣಿಕೆ ದಾಖಲಿಸೋ ಜಾಲತಾಣ ಇ-ಬರ್ಡ್‌ಗೆ ಹಾಕಿದೆ. ಸಂಖ್ಯೆ ಜಾಸ್ತಿ ಕಾಣ್ತಿದೆ ಅಂತ ಮೊದ್ಲು ಪ್ರಶ್ನೆ ಬಂತು, ಫೋಟೋ ನೋಡಿದ್ಮೇಲೆ ಒಪ್ಕೊಂಡ್ರು. ಅದೇ ಹಿರಿಯರಲ್ಲಿ ಒಬ್ರು ರಾತ್ರಿ ಫೋನ್ ಮಾಡಿ "ಎಲ್ಲಿ ಮಾರಾಯಾ ಇದು, ನಮ್ಮ ತದಡಿನಾ?" ಅಂತ ಕೇಳಿದಾಗ ತುಂಬ ಖುಷಿ ಆಯ್ತು, ಅದಕ್ಕೇ ಇಷ್ಟು ಬರೀತಿರೋದು.

ಬೈನಾಕ್ಯುಲರ್ ಹೇಗೆ ಹಿಡೀಬೇಕು, ಲಿಸ್ಟ್ ಹೇಗೆ ಹಾಕ್ಬೇಕು ಅಂತೆಲ್ಲ ಬರೆಯಲ್ಲ, ನಿಮಗೆಲ್ಲ ಗೊತ್ತಿರೋದೇ. ಮೊದ್ಲು ಏನೇನು ಕೈ ಕೊಡ್ತು ಅಂತ ಹೇಳ್ತೀನಿ, ಯಾಕಂದ್ರೆ ಇದೇ ಖರ್ಚು ಬೇರೆಯವರೂ ಮಾಡ್ತಿರೋದು ನೋಡ್ತಾ ಇದೀನಿ.

ಶುರುವಿನ ಬೇಸಿಗೆಗಳಲ್ಲಿ ಎಲ್ಲರ ಹಾಗೇ ಬೆಳಗಿನ ಜಾವದ ಲೆಕ್ಕ. ಐದೂವರೆಗೆ ದಡದಲ್ಲಿ ಹಾಜರು, ಎಂಟೂವರೆಗೆ ವಾಪಸ್. ಕೆಲವು ದಿನ ಕೆಸರು ಬಯಲು ಕಣ್ಣಿಗೆ ಕಾಣೋವರೆಗೂ ಬಿಚ್ಕೊಂಡಿರ್ತಿತ್ತು, ಹಕ್ಕಿಗಳು ಅರ್ಧ ಕಿಲೋಮೀಟರ್ ಆಚೆ ಚುಕ್ಕಿ ಚುಕ್ಕಿ. ಕೆಲವು ದಿನ ಬರೀ ನೀರು, ಒಂದೆರಡು ಬೆಳ್ಳಕ್ಕಿ, ಮೇಲೆ ಗರುಡ, ಅಷ್ಟೆ. ಲೆನ್ಸ್ ಸಾಲ್ತಿಲ್ಲ ಅನ್ಕೊಂಡು ಸೆಕೆಂಡ್ ಹ್ಯಾಂಡ್ ಸ್ಪಾಟಿಂಗ್ ಸ್ಕೋಪ್ ತಗೊಂಡೆ, ಟ್ರೈಪಾಡ್ ಸೇರಿ ಮೂವತ್ತೈದು ಸಾವಿರದ ಹತ್ತಿರ ಹೋಯ್ತು. ಸ್ಕೋಪ್ ಒಳ್ಳೇದೇ, ಆದ್ರೆ ಏಪ್ರಿಲ್‌ನಲ್ಲಿ ಒಂಬತ್ತೂವರೆ ಆದ್ಮೇಲೆ ಬಯಲಿನ ಮೇಲೆ ಝಳ ಏಳ್ತದೆ, ಆಗ ಅರವತ್ತು ಪಟ್ಟು ಜೂಮ್ ಮಾಡಿದ್ರೆ ಕಾಣೋದು ಅಲ್ಲಾಡೋ ಬೂದು ಮುದ್ದೆ ಮಾತ್ರ. ಆಮೇಲೆ ದೋಣಿ. ಒಂದು ಸಲಕ್ಕೆ ಏಳೆಂಟುನೂರು ಕೊಟ್ಟು ಹೋಗ್ತಿದ್ದೆ, ಮೋಟರ್ ಸದ್ದಿಗೆ ಹಕ್ಕಿ ನೂರು ಮೀಟರ್ ಮೊದ್ಲೇ ಎದ್ದು ಹೋಗ್ತವೆ, ಒಂದು ಬೇಸಿಗೆಗೆ ಆರೇಳು ಸಾವಿರ ಹಾಗೇ ಹೋಯ್ತು. ತೆಂಗಿನ ಮಡ್ಲು ಕಟ್ಟಿ ಮರೆ ಮಾಡಿದ್ದನ್ನ ಹುಣ್ಣಿಮೆ ನೀರು ಎತ್ಕೊಂಡು ಹೋಯ್ತು. ಎಲ್ಲ ಸೇರಿ ಐವತ್ತು ಸಾವಿರದ ಆಸುಪಾಸು ಆಗಿರ್ಬೇಕು, ಲಿಸ್ಟಿಗೆ ಅದರಿಂದ ಬಂದ ಹಕ್ಕಿ ಬಹಳ ಕಮ್ಮಿ.

ದಾರಿ ಸಿಕ್ಕಿದ್ದು ಬೆಳಚು, ಅಂದ್ರೆ ಕೆಸರಲ್ಲಿರೋ ತಿನ್ನೋ ಚಿಪ್ಪು ಆರಿಸೋಕೆ ಬರೋ ಒಬ್ರು ಅಕ್ಕನಿಂದ. ಸೊಂಟದ ಮಟ್ಟ ನೀರಲ್ಲಿ ನಿಂತು ಕಾಲಲ್ಲೇ ಕೆಸರು ತಡಕಿ ಬೆಳಚು ಎತ್ತೋರು ಅವ್ರು. ಒಂದಿನ ನನ್ನ ಸ್ಕೋಪ್ ನೋಡಿ "ಏನ್ ತಮಾ, ನೀ ದಿನಾ ಇದೇ ಹೊತ್ತಿಗೆ ಬತ್ತೆ, ನೀರು ದಿನಾ ಇದೇ ಹೊತ್ತಿಗೆ ಬತ್ತದಾ?" ಅಂದ್ರು. ಅವ್ರು ಗಡಿಯಾರ ನೋಡೋದೇ ಇಲ್ಲ, ತಿಥಿ ನೋಡಿ ಮನೆಯಿಂದ ಹೊರಡೋದು. ಆವತ್ತಿಂದ ನಾನೂ ಗೋಡೆ ಕ್ಯಾಲೆಂಡರ್‌ನ ತಿಥಿ ಹಿಡ್ಕೊಂಡೆ.

ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಭರತ (ಕಡಲ ನೀರು ಪೂರ್ತಿ ಏರೋದು) ಬರೋದು ಹೆಚ್ಚು ಕಮ್ಮಿ ಹಗಲು ಹನ್ನೊಂದಕ್ಕೆ, ಇಳಿತ ಬೆಳಿಗ್ಗೆ ಐದು ಮತ್ತೆ ಸಂಜೆ ಐದರ ಸುಮಾರಿಗೆ. ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗ್ತಾ ಹೋಗ್ತದೆ. ಅಷ್ಟಮಿ ಹೊತ್ತಿಗೆ ತಿರುವು ಮುರುವು, ಬೆಳಗಿನ ಜಾವಕ್ಕೇ ಭರತ, ಆದ್ರೆ ಆ ಭರತಕ್ಕೆ ಜೋರಿಲ್ಲ, ಬಯಲು ಅರ್ಧ ಬಿಚ್ಚೇ ಇರ್ತದೆ, ಹಕ್ಕಿ ಒಂದು ಕಡೆ ಕೂಡಲ್ಲ. ಹುಣ್ಣಿಮೆಗೆ ನೀರು ಪೂರ್ತಿ ತುಂಬ್ತದೆ, ಹಕ್ಕಿ ಎಲ್ಲ ಇರೋ ಒಂದೆರಡು ದಿಬ್ಬಕ್ಕೇ ಬರ್ತವೆ, ಆದ್ರೆ ಆಗ ಹನ್ನೊಂದರ ಬಿಸಿಲು, ಝಳದಲ್ಲಿ ಏನೂ ಗುರುತು ಸಿಗಲ್ಲ. ಎರಡರ ನಡುವೆ ಇರೋದು ದ್ವಾದಶಿ, ತ್ರಯೋದಶಿ, ಕೆಲವು ಸಲ ಏಕಾದಶಿ. ಎಂಟೂವರೆ ಒಂಬತ್ತೂವರೆ ಒಳಗೆ ಭರತ, ಬಯಲು ಮುಕ್ಕಾಲು ಮುಳುಗಿರ್ತದೆ, ಝಳ ಇನ್ನೂ ಎದ್ದಿರಲ್ಲ. ಶುಕ್ಲದಲ್ಲೂ ಬರ್ತದೆ, ಕೃಷ್ಣದಲ್ಲೂ ಬರ್ತದೆ, ಅಂದ್ರೆ ತಿಂಗಳಿಗೆ ಎರಡು ಸಲ ಈ ಕಿಟಕಿ ತೆರೀತದೆ. ನನ್ನ ದೊಡ್ಡ ಸಂಖ್ಯೆಗಳೆಲ್ಲ ಈ ತಿಥಿಗಳಲ್ಲೇ ಬಂದಿರೋದು. ಆ್ಯಪ್ ಇದ್ರೂ ಅದರಲ್ಲಿ ಸಿಗೋದು ಕಾರವಾರದಂಥ ಬಂದರಿನ ಟೈಮು, ಅಳಿವೆ ಬಾಯಿಂದ ಒಳಗೆ ಮಾಸೂರು, ಮಿರ್ಜಾನ ಕಡೆ ಹೋದಷ್ಟೂ ನೀರು ತಡ, ನಿಮ್ಮ ಜಾಗಕ್ಕೆ ಎಷ್ಟು ತಡ ಅಂತ ಒಂದು ಕೋಲು ನೆಟ್ಟು ನೀವೇ ನೋಡ್ಕೋಬೇಕು. ನನ್ನ ಜಾಗದಲ್ಲಿ ಮುಕ್ಕಾಲು ಗಂಟೆ ಹತ್ತಿರ ಬರ್ತದೆ.

ಭರತಕ್ಕೆ ಎರಡು ಗಂಟೆ ಮುಂಚೆ ಹೋಗಿ ಕೂತುಬಿಡೋದು, ಆಮೇಲೆ ಒಂದು ಹೆಜ್ಜೆನೂ ಇಡಬಾರ್ದು. ನೀರು ಏರ್ತಾ ಹಕ್ಕಿಗಳನ್ನ ತಾನೇ ನಮ್ಮ ಕಡೆ ತಳ್ಕೊಂಡು ಬರ್ತದೆ. ದಡದ ಪೂರ್ವ ಬದಿಗೆ ಕೂತ್ರೆ ಸೂರ್ಯ ಬೆನ್ನಿಗೆ, ಬಣ್ಣ ಚೊಕ್ಕ ಕಾಣ್ತದೆ. ಒಂದ್ಸಲ ಬಾಗಿದ ಉದ್ದ ಕೊಕ್ಕಿನ ವಿಂಬ್ರೆಲ್ ಹಕ್ಕಿ ಒಂದು ಹದಿನೈದು ಮೀಟರ್ ದೂರದಲ್ಲಿ ಬಂದು ಒಂಟಿ ಕೊಂಡಿಯ ಏಡಿ ಹಿಡೀತು. ಕೊಕ್ಕಿನ ತುದೀಲಿ ಹಿಡ್ಕೊಂಡು ಜೋರಾಗಿ ಒದರಿತು, ಒಂದು ಕಾಲು ಹಾರಿ ಬಿತ್ತು, ಮತ್ತೆ ಒದರಿತು, ದೊಡ್ಡ ಕೊಂಡಿನೂ ಹೋಯ್ತು, ಆಮೇಲೆ ಎರಡು ಹೆಜ್ಜೆ ನಡೆದು ನೀರಲ್ಲಿ ಅದ್ದಿ ಕೆಸರು ತೊಳೆದು ತಲೆ ಮೇಲೆತ್ತಿ ನುಂಗ್ತು. ದೋಣೀಲಿ ಅಷ್ಟು ದುಡ್ಡು ಕೊಟ್ಟಾಗ ಇದು ಯಾವತ್ತೂ ಕಂಡಿರ್ಲಿಲ್ಲ.

ಈಗ ಹಕ್ಕಿ ಇರಲ್ಲ ಅನ್ನೋ ಮಾತಿಗೆ ಬರ್ತೀನಿ. ವಯಸ್ಸಿಗೆ ಬಂದವು ಹೋಗೋದು ನಿಜ. ಮಾರ್ಚ್ ಕೊನೆಗೆ ಕಂದುತಲೆ ಕಡಲಕ್ಕಿಗೆ (ಗಲ್) ತಲೆ ಪೂರ್ತಿ ಬಣ್ಣ ಬಂದಿರ್ತದೆ, ಏಪ್ರಿಲ್‌ನಲ್ಲಿ ಸ್ಯಾಂಡ್ ಪ್ಲೋವರ್ ಎದೆ ಇಟ್ಟಿಗೆ ಕೆಂಪು, ಗ್ರೇ ಪ್ಲೋವರ್ ಹೊಟ್ಟೆ ಕಪ್ಪು, ಕರ್ಲ್ಯೂ ಸ್ಯಾಂಡ್‌ಪೈಪರ್ ಮೈಯೆಲ್ಲ ಕೆಂಪು. ಚಳಿಗಾಲದಲ್ಲಿ ಬರೀ ಬೂದು ನೋಡಿದವರು ಏಪ್ರಿಲ್ ಮೊದಲ ಎರಡು ವಾರ ಬಿಡಲೇಬಾರದು. ಅವೆಲ್ಲ ಹೋದ್ಮೇಲೆ ಉಳಿಯೋದು ಹೋದ ವರ್ಷ ಹುಟ್ಟಿದ ಮರಿಗಳು. ಅವಕ್ಕೆ ಗೂಡು ಕಟ್ಟೋ ವಯಸ್ಸಾಗಿರಲ್ಲ, ಅಷ್ಟು ದೂರ ಹಾರಿ ಹೋಗಿ ಮಾಡೋದೇನೂ ಇಲ್ಲ, ಹಾಗಾಗಿ ಇಲ್ಲೇ ಇರ್ತವೆ. ಮೇ ತಿಂಗಳಲ್ಲಿ ನನಗೆ ಸಿಕ್ಕಿದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಯಾಂಡ್ ಪ್ಲೋವರ್, ಮತ್ತೆ ವಿಂಬ್ರೆಲ್, ಕರ್ಲ್ಯೂ, ಗ್ರೀನ್‌ಶ್ಯಾಂಕ್, ಗ್ರೇ ಪ್ಲೋವರ್, ಒಂದು ಹತ್ತು ಟರ್ನ್‌ಸ್ಟೋನ್, ಜೊತೆಗೆ ರೀವಗಳು (ಟರ್ನ್). ಎಲ್ಲವೂ ಮಾಸಿದ ಬೂದು, ಅದಕ್ಕೇ ದೂರದಿಂದ ಕೆಸರಲ್ಲಿ ಕಾಣಲ್ಲ, ಇಲ್ಲ ಅಂತ ಬರೆದುಬಿಡ್ತಾರೆ. ಒಂದು ಕಿರಿಕಿರಿ ಏನಂದ್ರೆ ಲೆಸ್ಸರ್ ಸ್ಯಾಂಡ್ ಪ್ಲೋವರ್‌ನ ಇ-ಬರ್ಡ್ 2023ರಲ್ಲಿ ಟಿಬೆಟನ್, ಸೈಬೀರಿಯನ್ ಅಂತ ಎರಡು ಮಾಡಿದೆ, ನಮ್ಮ ಕಡೆ ಬರೋದು ಹೆಚ್ಚಾಗಿ ಟಿಬೆಟನ್, ಆದ್ರೂ ಬೂದು ಮರಿಗಳನ್ನ ನಾನು ಎರಡೂ ಸೇರಿದ ಸ್ಲ್ಯಾಶ್ ಹೆಸರಲ್ಲೇ ಹಾಕೋದು, ಅದೇ ಪ್ರಾಮಾಣಿಕ ಅನ್ಸುತ್ತೆ.

ಉಳಿದ ತಿಥಿಗಳಲ್ಲಿ ಮನೇಲಿ ಕೂರಲ್ಲ. ಅಮಾವಾಸ್ಯೆ, ಹುಣ್ಣಿಮೆ ಬೆಳಿಗ್ಗೆ ಇಳಿತ ಇರ್ತದಲ್ಲ, ಆಗ ಕಾಂಡ್ಲಾ (ಮ್ಯಾಂಗ್ರೋವ್) ಅಂಚಿನ ಹಸಿ ಮರಳಲ್ಲಿ ನೀರುನಾಯಿ ಹೆಜ್ಜೆ ಹುಡುಕ್ತೀನಿ. ಅವು ಒಂದೇ ಕಲ್ಲಿನ ಮೇಲೆ ದಿನಾ ಹಿಕ್ಕೆ ಹಾಕ್ತವೆ, ಮೀನಿನ ಪೊರೆ ತುಂಬಿರ್ತದೆ, ಹಸಿ ಇದ್ರೆ ಹತ್ತಿರದಲ್ಲೇ ಇದಾವೆ ಅಂತ. ಕಾದು ನೋಡಿದ್ರಲ್ಲಿ ಒಂದು ಕುಟುಂಬ, ಐದೋ ಆರೋ ಇದ್ವು, ಸಾಲಾಗಿ ಈಜ್ಕೊಂಡು ಹೋಗಿ ಮೀನು ಗುಂಪನ್ನ ದಡಕ್ಕೆ ಒತ್ತರಿಸಿದ್ದು ನೋಡಿದೀನಿ. ಅಷ್ಟಮಿ ಆಸುಪಾಸಿನ ದಿನ ಸಾಣಿಕಟ್ಟಾ ಉಪ್ಪಿನಾಗರ, ಇಲ್ಲಾ ಗಜನಿ, ಅಂದ್ರೆ ಉಪ್ಪುನೀರು ಬಂದು ಹೋಗೋ ಅಳಿವೆ ಪಕ್ಕದ ತಗ್ಗು ಗದ್ದೆ. ಬೇಸಿಗೇಲಿ ಆಗರದಲ್ಲಿ ಉಪ್ಪು ಎಳೆಯೋ ಕೆಲಸ ನಡೀತಿರ್ತದೆ, ಅಲ್ಲಿಯವರನ್ನ ಕೇಳಿ ಬದುವಿನ ಮೇಲೆ ಮಾತ್ರ ನಡೀಬೇಕು, ಕಾಲಿಟ್ಟು ಕಟ್ಟೆ ಕುಸಿದ್ರೆ ಅವರ ದುಡಿಮೆ ಹಾಳು. ಉದ್ದ ಕಾಲಿನ ಸ್ಟಿಲ್ಟ್ ಅಲ್ಲಿ ಗ್ಯಾರಂಟಿ.

ಗಜನಿ ಬದುವಿನ ಮೇಲೆ ಏಪ್ರಿಲ್‌ನಲ್ಲಿ ಟಿಟ್ಟಿಭ ನಾಲ್ಕು ಮೊಟ್ಟೆ ಇಟ್ಟಿತ್ತು. ಮಧ್ಯಾಹ್ನ ಅದು ಏನು ಮಾಡ್ತದೆ ಅಂತ ನೋಡೋ ಆಸೆಗೆ ದೂರದ ಮರದಡಿ ಕೂತೆ. ಹಕ್ಕಿ ಎದ್ದು ಹೋಗಿ ನೀರಲ್ಲಿ ಕುಕ್ಕರಿಸಿ ಹೊಟ್ಟೆ ಪುಕ್ಕ ನೆನೆಸ್ಕೊಂಡು, ಹಾರದೆ ಓಡಿ ಬಂದು ಮೊಟ್ಟೆ ಮೇಲೆ ಕೂತ್ಕೊಳ್ತದೆ, ಒದ್ದೆ ಪುಕ್ಕದಿಂದ ಮೊಟ್ಟೆ ತಂಪಾಗ್ತದೆ. ಇಪ್ಪತ್ತು ನಿಮಿಷಕ್ಕೊಂದು ಸಲದಂಗೆ ಮಾಡ್ತಿತ್ತು. ನೀರು ಬತ್ತಿದ ಗಜನೀಲಿ ಇಟ್ಟವು ಏನು ಮಾಡ್ತವೆ ಅಂತ ಈಗ ಹುಡುಕ್ತಾ ಇದೀನಿ.

ಇದೇ ತಿಥಿ ಲೆಕ್ಕ ಹೊನ್ನಾವರದ ಶರಾವತಿ ಅಳಿವೇಲೂ ಹಾಕಿ ನೋಡ್ದೆ. ಟೈಮ್ ಸರಿ ಬಂತು, ಹಕ್ಕಿ ಮಾತ್ರ ನಮ್ಮಲ್ಲಿಯ ಕಾಲುಭಾಗನೂ ಇಲ್ಲ. ಅಲ್ಲಿ ಲಿಂಗನಮಕ್ಕಿಯಿಂದ ಕರೆಂಟ್ ಮಾಡಿ ಬಿಟ್ಟ ಸಿಹಿನೀರು ಬೇಸಿಗೇಲೂ ಹರೀತಾನೇ ಇರ್ತದೆ, ಉಪ್ಪು ಕಮ್ಮಿ, ಬೆಳಚೂ ಕಮ್ಮಿ. ಅಘನಾಶಿನಿಗೆ ಅಣೆಕಟ್ಟಿಲ್ಲ, ಬೇಸಿಗೇಲಿ ಉಪ್ಪುನೀರು ಒಳಗಿನವರೆಗೆ ಹೋಗ್ತದೆ, ಕೆಸರಲ್ಲಿ ಹುಳ ಹುಪ್ಪಟೆ, ಚಿಪ್ಪು, ಏಡಿ ಎಲ್ಲ ತುಂಬಿರ್ತದೆ, ಹಕ್ಕಿ ಮರಿ ವರ್ಷವಿಡೀ ಉಳ್ಕೊಳ್ಳೋಕೆ ಅದೇ ಕಾರಣ ಅಂತ ನನ್ನ ಅಂದಾಜು. 2024ರ ಜನವರಿಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ಈ 4801 ಹೆಕ್ಟೇರ್‌ಗೆ ಆ ಹೆಸರು ಯಾವತ್ತೋ ಬರ್ಬೇಕಿತ್ತು ಅನ್ನಿಸ್ತು.

ದಿಬ್ಬ ಯಾವುದು ಅಂತ ಮಾತ್ರ ಕೇಳಬೇಡಿ. ಐಗಳಕುರ್ವೆ ಆಸುಪಾಸಾ ಅಂತ ಕೇಳಿದವರಿಗೂ ನಾನು ಹೌದು ಅಂದಿಲ್ಲ ಅಲ್ಲ ಅಂದಿಲ್ಲ. ಡ್ರೋನ್ ತಂದು ಎಬ್ಬಿಸೋರು ಇದಾರೆ, ಬೇರೊಂದು ಬೀಚಲ್ಲಿ ಹಾಗೇ ಆಗಿ ರೀವಗಳು ಅಲ್ಲಿ ಕೂರೋದೇ ಬಿಟ್ವು. ಕೂರೋ ಜಾಗಕ್ಕೆ ಹಕ್ಕಿಗೆ ಕಾಣದಂಗೆ ಹೋಗೋ ಉಪಾಯ ಒಂದಿದೆ, ಅದೂ ಸದ್ಯಕ್ಕೆ ನನ್ನ ಹತ್ರನೇ ಇರ್ಲಿ, ಜೊತೆಗೆ ಬಂದವರಿಗೆ ತೋರಿಸ್ತೀನಿ.

ಮೇ ಕೊನೆವರೆಗೆ ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯೋ ಬಲೆ) ಎಳೆಯೋ ಕಡೆ, ತದಡಿ ಬಂದರಲ್ಲಿ ಬೋಟ್ ಬರೋ ಹೊತ್ತಿಗೆ ಒಂದು ಸುತ್ತು ಹಾಕಿ, ಕಡಲಕ್ಕಿ, ದೊಡ್ಡ ರೀವ ಅಲ್ಲೇ ಸೇರ್ತವೆ. ಜೂನ್ 1ಕ್ಕೆ ಟ್ರಾಲರ್‌ಗಳಿಗೆ ರಜೆ ಬಿದ್ದ ಮೇಲೆ ಅದು ಮುಗೀತು. ಆಗ ನೋಡ್ಬೇಕಾದ್ದು ಮೊದಲ ಜೋರು ಪಡುವಣ ಗಾಳಿ ಬೀಸಿದ ರಾತ್ರಿಯ ಮರುದಿನ. ದಡದಿಂದ ದೂರ ಕಡಲಲ್ಲಿರೋ ಬ್ರೈಡಲ್ಡ್ ಟರ್ನ್ ಸುಸ್ತಾಗಿ ದಡಕ್ಕೆ ಬಂದು ಬೀಳ್ತವೆ, ಸಮುದ್ರ ಎಸೆದ ಕಸದ ಸಾಲಲ್ಲಿ ಹುಡುಕಿ. ನನಗೆ ಸಿಕ್ಕಿದ್ದನ್ನ ತೂತು ಮಾಡಿದ ರಟ್ಟಿನ ಡಬ್ಬೀಲಿ ಕತ್ತಲಲ್ಲಿಟ್ಟೆ, ಬಾಯಿಗೆ ನೀರು ಹಾಕೋಕೆ ಹೋಗಲಿಲ್ಲ, ಸಂಜೆ ಗಾಳಿ ನಿಂತ ಮೇಲೆ ಡಬ್ಬಿ ತೆರೆದ್ರೆ ತಾನೇ ಎದ್ದು ಹೋಯ್ತು. ಅಷ್ಟಕ್ಕೂ ಏಳದಿದ್ರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.

ಈಗ ದಿನದ ಖರ್ಚು ಸ್ಕೂಟರ್ ಪೆಟ್ರೋಲ್ ಒಂದು ಅರವತ್ತು ರೂಪಾಯಿ, ಅಷ್ಟೇ. ಜುಲೈ ಕೊನೆಗೆ ಮೊದಲ ರೆಡ್‌ಶ್ಯಾಂಕ್‌ಗಳು ವಾಪಸ್ ಬರೋಕೆ ಶುರು ಮಾಡ್ತವೆ, ಅಂದ್ರೆ ನಿಜವಾಗಿ ಹಕ್ಕಿ ಕಮ್ಮಿ ಇರೋದು ಬಹಳ ಸಣ್ಣ ಅವಧಿ. ಕಾರವಾರದ ಕಾಳಿ, ಕುಂದಾಪುರದ ಪಂಚಗಂಗಾವಳಿ ಕಡೆಯವರು ಯಾರಾದ್ರೂ ನಿಮ್ಮ ದಡದ ತಿಥಿ, ಭರತದ ಟೈಮು, ಅವತ್ತಿನ ಎಣಿಕೆ ಬರೆದಿಟ್ಟಿದ್ರೆ ಕೊಡಿ, ನನ್ನದರ ಪಕ್ಕ ಇಟ್ಟು ನೋಡ್ಬೇಕು.