ಜಿಮ್ನಾಸ್ಟಿಕ್ಸ್ ಕಾಂಪಿಟೇಶನ್‌ಗೆ ಮಗುಗೆ ಎಷ್ಟು ವಯಸ್ಸಾಗಿರ್ಬೇಕು, ಪೇಪರ್ ಏನೇನ್ ರೆಡಿ ಇರ್ಬೇಕು

ಹೋದ ವಾರ ನಮ್ಮ ಹಿಂದಿನ ಓಣಿ ಅಕ್ಕ ಒಬ್ರು ಮನೆಗೆ ಬಂದಿದ್ರು. "ಏನ್ರಿ, ನಮ್ಮ ಹುಡುಗಿಗೆ ಐದು ತುಂಬೈತೆ, ಹಾಸಿಗೆ ಮೇಲೆ ಬೆಳಗ್ಗೆಯಿಂದ ರಾತ್ರಿ ತನಕ ಲಾಗ ಹಾಕೋದೇ ಕೆಲಸ, ಕಾಂಪಿಟೇಶನ್‌ಗೆ ಯಾವಾಗಿಂದ ಬಿಡ್ತಾರೆ, ನಾವು ಲೇಟ್ ಆದ್ವಾ?" ಅಂತ ಕೇಳಿದ್ರು. ನನ್ನ ಇಬ್ರು ಹೆಣ್ಮಕ್ಳನ್ನ ಸ್ಕೂಟಿ ಮೇಲೆ ಕೂರಿಸ್ಕೊಂಡು ನಾಲ್ಕು ವರ್ಷದಿಂದ ಬಳ್ಳಾರಿಲಿ ಬೆಳಗ್ಗೆ ಆರಕ್ಕೆ ಪ್ರಾಕ್ಟೀಸ್‌ಗೆ ಓಡಾಡ್ತಾ ಇದ್ದೀನಿ, ಈ ಪ್ರಶ್ನೆ ಕಮ್ಮಿ ಅಂದ್ರೂ ಹತ್ತು ಜನ ಕೇಳಿರಬಹುದು, ಅದಕ್ಕೆ ಒಂದೇ ಸಲ ಕೂತು ಎಲ್ಲ ಬರ್ದುಬಿಡ್ತೀನಿ.

ಮೊದ್ಲು ಒಂದು ಕನ್‌ಫ್ಯೂಷನ್ ಬಿಡಿಸ್ಕೊಳ್ರಿ. ನಮ್ಮ ಕಡೆ ಏಜ್ ಲಿಮಿಟ್ ಅಂದ್ರೆ ಎಲ್ರಿಗೂ ತಲೆಗೆ ಬರೋದು ಅಂಡರ್-14, ಅಂಡರ್-17, ಅಂದ್ರೆ ಇಷ್ಟು ವಯಸ್ಸು ದಾಟಿರಬಾರದು ಅನ್ನೋ ರೂಲ್. ಕಬಡ್ಡಿ, ಖೋಖೋ, ಕ್ರಿಕೆಟ್ ಎಲ್ಲದಕ್ಕೂ ಇದೇ. ಆದ್ರೆ ಜಿಮ್ನಾಸ್ಟಿಕ್ಸ್‌ನಲ್ಲಿ ಅದರ ಜೊತೆಗೆ ಉಲ್ಟಾ ರೂಲೂ ಐತೆ, ಇಷ್ಟು ವಯಸ್ಸು ಆಗೋ ತನಕ ದೊಡ್ಡವರ ಮಟ್ಟದಲ್ಲಿ ಇಳಿಯೋ ಹಂಗೇ ಇಲ್ಲ ಅಂತ. ಮಗು ಎಷ್ಟೇ ಚೆನ್ನಾಗಿ ಮಾಡ್ಲಿ, ವಯಸ್ಸು ಆಗಿಲ್ಲ ಅಂದ್ರೆ ಆಗಿಲ್ಲ.

ಈ ಎರಡನೇ ರೂಲ್ ಮಾಡಿರೋದು ಅಂತಾರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಶನ್, ಎಲ್ರೂ ಎಫ್‌ಐಜಿ ಅಂತಾರೆ. ಒಲಿಂಪಿಕ್ಸ್, ವರ್ಲ್ಡ್ ಚಾಂಪಿಯನ್‌ಶಿಪ್ ತರದ ಸೀನಿಯರ್ ಸ್ಪರ್ಧೆಗೆ ಆರ್ಟಿಸ್ಟಿಕ್‌ನಲ್ಲಿ (ಬಾರ್, ಫ್ಲೋರ್ ತರದ್ದರ ಮೇಲೆ ಮಾಡೋ ಜಿಮ್ನಾಸ್ಟಿಕ್ಸ್) ಹುಡುಗಿಗೆ 16, ಹುಡುಗನಿಗೆ 18. ಇಲ್ಲಿ ಲೆಕ್ಕ ಹಾಕೋ ರೀತಿ ಗೊತ್ತಿರ್ಬೇಕು: ಸ್ಪರ್ಧೆ ದಿನಕ್ಕೆ 16 ತುಂಬಿರ್ಬೇಕು ಅಂತ ಅಲ್ಲ, ಆ ವರ್ಷದ ಡಿಸೆಂಬರ್ 31ರೊಳಗೆ ತುಂಬಿದ್ರೆ ಸಾಕು. ಪ್ಯಾರಿಸ್ 2024ಕ್ಕೆ 2008ರಲ್ಲಿ ಹುಟ್ಟಿದ ಹುಡುಗಿ ಹೋಗಬಹುದಿತ್ತು, 2009ರ ಜನವರಿ 1ಕ್ಕೆ ಹುಟ್ಟಿದೋಳು ಒಂದೇ ಒಂದು ದಿನದಲ್ಲಿ ಹೊರಗೆ. ಹುಡುಗರಿಗೆ ಅದೇ ಗೆರೆ 2006. ನಿಮ್ಮ ಮಗಳು 2019ರಲ್ಲಿ ಹುಟ್ಟಿದ್ರೆ 16 ಕೂಡಿಸ್ರಿ, ಈ ರೂಲ್ ಹಿಂಗೇ ಇದ್ರೆ 2035ಕ್ಕೆ ಸೀನಿಯರ್. ಜೂನಿಯರ್ ವರ್ಲ್ಡ್ ಚಾಂಪಿಯನ್‌ಶಿಪ್ ಅಂತ ಬೇರೆ ಐತೆ, ಮೊದಲನೇದು 2019ರಲ್ಲಿ ಹಂಗೇರಿಲಿ ಆಯ್ತು, ಅದರಲ್ಲಿ ಹುಡುಗಿಯರಿಗೆ 14-15. ಅಂದ್ರೆ ಆ ಮಟ್ಟದಲ್ಲೂ ಐದು ವರ್ಷದ ಮಗುಗೆ ಇನ್ನೂ ಒಂಬತ್ತು ವರ್ಷ ಟೈಮ್ ಐತೆ. ಲೇಟ್ ಅನ್ನೋ ಮಾತೇ ಇಲ್ಲ ಅಕ್ಕ.

ಈ 16 ಅನ್ನೋದು ಮೊದ್ಲಿಂದ ಇರಲಿಲ್ಲ. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ನಾಡಿಯಾ ಕೊಮನೆಚಿ ಒಲಿಂಪಿಕ್ಸ್‌ನಲ್ಲೇ ಫಸ್ಟ್ ಟೈಮ್ ಹತ್ತಕ್ಕೆ ಹತ್ತು ತಗೊಂಡಾಗ ಅವಳಿಗೆ ಬರೀ 14, ಬೋರ್ಡ್ ಮೇಲೆ 10 ತೋರ್ಸೋಕೆ ಆಗದೆ 1.00 ಅಂತ ಬಂದಿತ್ತು. ಅವಾಗ 14ಕ್ಕೆ ಬಿಡ್ತಿದ್ರು, 1981ಕ್ಕೆ 15 ಮಾಡಿದ್ರು, 1997ಕ್ಕೆ 16. ಹಿಂಗೆ ಏರಿಸ್ತಾ ಹೋಗಿದ್ದು ಸುಮ್ನೆ ಅಲ್ಲ. ಮೈ ಹಗುರ ಇದ್ದಷ್ಟು ತಿರುಗೋದು ಸಲೀಸು ಅಂತ ಸಣ್ಣ ಮಕ್ಕಳನ್ನ ದಿನಕ್ಕೆ ಐದಾರು ಗಂಟೆ ದುಡಿಸೋದು, ಊಟ ಕಮ್ಮಿ ಮಾಡಿಸೋದು ಎಷ್ಟೋ ಕಡೆ ನಡೆದೈತೆ. ಮಕ್ಕಳ ಎಲುಬಿನ ತುದಿಲಿ ಇನ್ನೂ ಬೆಳೀತಾ ಇರೋ ಮೆತ್ತನೆ ಭಾಗ ಇರ್ತೈತೆ, ಕೈ ಮೇಲೆ ನಿಲ್ಲೋದು, ಜಿಗಿದು ಕೈ ಊರೋದು ವಿಪರೀತ ಆದ್ರೆ ಮೊದ್ಲು ಪೆಟ್ಟು ತಿನ್ನೋದು ಅದು, ಅದರಲ್ಲೂ ಮಣಿಕಟ್ಟು. ಬೆನ್ನು ಹಿಂದಕ್ಕೆ ಬಗ್ಗಿಸಿ ಬಗ್ಗಿಸಿ ಸೊಂಟದ ಹತ್ರ ಎಲುಬು ಸೀಳು ಬಿಡೋದೂ ಐತೆ. ಇದೆಲ್ಲ ನಿಧಾನಕ್ಕೆ ಆಗೋದ್ರಿಂದ ಮೊದ್ಲು ಯಾರಿಗೂ ಗೊತ್ತಾಗಲ್ಲ.

ರೂಲ್ ಮುರಿದವರ ಕಥೆನೂ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮಲ್ಲಿ "ಯಾರು ನೋಡ್ತಾರ್ ಬಿಡ್ರಿ" ಅನ್ನೋರು ಜಾಸ್ತಿ. ಉತ್ತರ ಕೊರಿಯಾದ ಕಿಮ್ ಗ್ವಾಂಗ್ ಸುಕ್ ಅಂತ ಹುಡುಗಿ, ಮೂರು ವರ್ಷ ಸತತ 15 ಅಂತಾನೇ ಎಂಟ್ರಿ ಕೊಟ್ಟಿದ್ರು, ಸಿಕ್ಕಿಬಿದ್ದು 1993ರ ವರ್ಲ್ಡ್ ಚಾಂಪಿಯನ್‌ಶಿಪ್‌ಗೆ ಆ ದೇಶದ ಟೀಮನ್ನೇ ಬ್ಯಾನ್ ಮಾಡಿದ್ರು. ಚೀನಾದ ಡಾಂಗ್ ಫಾಂಗ್‌ಶಿಯಾವ್ ಸಿಡ್ನಿ 2000ದಲ್ಲಿ ಟೀಮ್ ಕಂಚು ಗೆದ್ದಿದ್ಳು. ಎಂಟು ವರ್ಷ ಆದ್ಮೇಲೆ ಬೀಜಿಂಗ್‌ನಲ್ಲಿ ಅಫಿಶಿಯಲ್ ಆಗಿ ಕೆಲಸ ಮಾಡೋಕೆ ಪೇಪರ್ ಕೊಟ್ಟಾಗ ಹುಟ್ಟಿದ ವರ್ಷ 1986 ಅಂತ ಐತೆ, ಆಡೋವಾಗ ಕೊಟ್ಟಿದ್ದು 1983. ಅಂದ್ರೆ ಸಿಡ್ನಿಲಿ ಅವಳಿಗೆ 14. 2010ರಲ್ಲಿ ಆ ಕಂಚು ಇಡೀ ಟೀಮ್‌ನಿಂದ ವಾಪಸ್ ತಗೊಂಡು ಅಮೆರಿಕಕ್ಕೆ ಕೊಟ್ರು. ತಪ್ಪು ಆ ಹುಡುಗಿದಲ್ಲ, ದೊಡ್ಡವರು ಬರ್ಸಿದ್ದು, ಆದ್ರೆ ಹತ್ತು ವರ್ಷ ಆದ್ಮೇಲೆ ಪದಕ ಕಳ್ಕೊಂಡಿದ್ದು ಜೊತೆಲಿ ಆಡಿದ ಮಕ್ಕಳೆಲ್ಲ.

ಅಲ್ಲಿ ವಯಸ್ಸು ಏರಿಸಿ ಬರ್ಸ್ತಾರೆ, ನಮ್ಮಲ್ಲಿ ಎರಡೂ ಮಾಡ್ತೀವಿ. ಒಂದನೇ ಕ್ಲಾಸ್‌ಗೆ ಬೇಗ ಸೇರಿಸ್ಬೇಕು ಅಂತ ಏರಿಸೋದು, ಆಮೇಲೆ ಅಂಡರ್-14 ಆಡಿಸ್ಬೇಕು ಅಂತ ಇಳಿಸೋಕೆ ನೋಡೋದು. ನನ್ನದೇ ಹೇಳ್ತೀನಿ. ದೊಡ್ಡ ಮಗಳು ಹುಟ್ಟಿದ್ದು ನವೆಂಬರ್ 19, ಸ್ಕೂಲ್ ಸೇರಿಸೋವಾಗ ಐದು ತಿಂಗಳು ಕಮ್ಮಿ ಬಿತ್ತು. ಆಫೀಸಲ್ಲಿ ಕೂತಿದ್ದವರು "ಜೂನ್ ಒಂದು ಅಂತ ಬರ್ಕೊಂತೀನಿ ಬಿಡಮ್ಮ" ಅಂದ್ರು, ನಾನು ಹೂಂ ಅಂದೆ. ನಮ್ಮ ಅಪ್ಪ, ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳು ಎಲ್ರದ್ದೂ ಜೂನ್ ಒಂದೇ, ಅದರಲ್ಲಿ ತಪ್ಪೇನು ಅನ್ನಿಸ್ಲೇ ಇಲ್ಲ. ಐದು ವರ್ಷ ಆದ್ಮೇಲೆ ಒಂದು ಕಾಂಪಿಟೇಶನ್‌ಗೆ ಹೋದಾಗ ಟೇಬಲ್ ಮೇಲೆ ಎರಡು ಪೇಪರ್ ಪಕ್ಕ ಪಕ್ಕ ಇಟ್ರು, ಜನನ ಪ್ರಮಾಣ ಪತ್ರದಲ್ಲಿ ನವೆಂಬರ್ 19, ಸ್ಕೂಲ್ ಕೊಟ್ಟ ಫಾರ್ಮಲ್ಲಿ ಜೂನ್ 1. ಯಾವ್ದು ಹಿಡಿದ್ರೂ ಅವಳು ಆ ಗ್ರೂಪ್‌ಗೇ ಬರ್ತಿದ್ಳು, ಆದ್ರೂ ಬಿಡ್ಲಿಲ್ಲ. ಕೂದ್ಲಿಗೆ ಬಿಗಿಯಾಗಿ ಗಂಟು ಹಾಕಿ, ಕೈಗೆ ಬಿಳಿ ಪೌಡರ್ ಹಚ್ಕೊಂಡು ರೆಡಿಯಾಗಿ ನಿಂತಿದ್ಳು, ವಾಪಸ್ ಬರೋವಾಗ ಬಸ್ಸಲ್ಲಿ ಅದನ್ನ ಲಂಗಕ್ಕೆ ಒರೆಸ್ಕೋತಾ ಕೂತಿದ್ಲು, ಒಂದು ಮಾತೂ ಆಡ್ಲಿಲ್ಲ.

ಅದಕ್ಕೆ ಮೊದಲನೇ ಕೆಲಸ ಕೋಚಿಂಗ್ ಅಲ್ಲ, ಪೇಪರ್. ಜನನ ಪ್ರಮಾಣ ಪತ್ರ ಕೈಲಿ ಐತಾ ನೋಡ್ರಿ, ಅದರಲ್ಲಿ ಮಗು ಹೆಸರು ಐತಾ ನೋಡ್ರಿ, ಎಷ್ಟೋ ಜನದ್ದು ಬರೀ "ಹೆಣ್ಣು ಮಗು" ಅಂತ ಇರ್ತೈತೆ. ಸಿಟಿಲಿ ಹುಟ್ಟಿದ್ರೆ ಪಾಲಿಕೆ, ಹಳ್ಳಿಲಿ ಆದ್ರೆ ಅಲ್ಲಿನ ರಿಜಿಸ್ಟ್ರಾರ್ ಹತ್ರ ಹೋಗಿ ಹೆಸರು ಸೇರಿಸ್ರಿ, ಇ-ಜನ್ಮ ಅಂತ ಸರ್ಕಾರದ ಸಿಸ್ಟಮ್ ಐತೆ. ಹೆರಿಗೆಗೆ ತವರಿಗೆ ಹೋಗಿರ್ತೀವಲ್ಲ, ಮಗು ಎಲ್ಲಿ ಹುಟ್ಟೈತೋ ಅಲ್ಲೇ ರಿಜಿಸ್ಟರ್ ಆಗಿರೋದು, ಸಿರುಗುಪ್ಪದಲ್ಲಿ ಹುಟ್ಟಿದ ಮಗುದ್ದು ಬಳ್ಳಾರಿಲಿ ಹುಡುಕಬ್ಯಾಡ್ರಿ. ಹುಟ್ಟಿ 21 ದಿನದೊಳಗೆ ಬರ್ಸಿದ್ರೆ ಫೀಸಿಲ್ಲ, ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆರ್ಡರ್ ಬೇಕಾಗ್ತೈತೆ, ಟೈಮ್ ತಗೊಳ್ತೈತೆ, ಅದಕ್ಕೇ ಸ್ಪರ್ಧೆ ಹತ್ರ ಬಂದಾಗ ಓಡಬ್ಯಾಡ್ರಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಸ್ಕೂಲ್ ಸೇರೋದ್ರಿಂದ ಹಿಡಿದು ಎಲ್ಲದಕ್ಕೂ ಹುಟ್ಟಿದ ದಿನಕ್ಕೆ ಇದೇ ಮುಖ್ಯ ದಾಖಲೆ ಅಂತ ಕಾನೂನೇ ಬಂದೈತೆ.

ಆಮೇಲೆ ಸ್ಕೂಲ್ ದಾಖಲಾತಿ ಪುಸ್ತಕ, ಎಸ್‌ಎಟಿಎಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಆಧಾರ್ ಮೂರರಲ್ಲೂ ಅದೇ ತಾರೀಖು, ಹೆಸರಿನ ಅದೇ ಸ್ಪೆಲ್ಲಿಂಗ್ ಐತಾ ಕೂತು ಒಂದೊಂದಾಗಿ ನೋಡ್ರಿ. ಆಧಾರ್ ಗುರುತಿಗೆ ಮಾತ್ರ, ಹುಟ್ಟಿದ ದಿನಕ್ಕೆ ಅದನ್ನೇ ಪ್ರೂಫ್ ಅಂತ ಒಪ್ಪಲ್ಲ, ಆದ್ರೆ ಅದರಲ್ಲಿ ಬೇರೆ ಡೇಟ್ ಇದ್ರೆ ಡೌಟ್ ಪಡ್ತಾರೆ. ಸ್ಕೂಲಲ್ಲಿ ತಪ್ಪಿದ್ರೆ ಜನನ ಪ್ರಮಾಣ ಪತ್ರ ಇಟ್ಟು ಹೆಡ್ ಮೇಷ್ಟ್ರಿಗೆ ಅರ್ಜಿ ಕೊಡ್ರಿ, ಅವರು ಬಿಇಒ ಆಫೀಸ್‌ಗೆ ಕಳಿಸ್ತಾರೆ, ನನಗೆ ಐದಾರು ಸಲ ತಿರುಗಾಡೋದಾಯ್ತು ಆದ್ರೂ ಆಯ್ತು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಮೇಲೆ ತಪ್ಪು ಡೇಟ್ ಪ್ರಿಂಟ್ ಆದ್ಮೇಲೆ ಬಹಳ ಕಷ್ಟ ರೀ. ಮತ್ತೆ ಸರಿಯಿರೋ ಡೇಟನ್ನ ಆಟಕ್ಕೋಸ್ಕರ ಮುಟ್ಟಬ್ಯಾಡ್ರಿ, ಯಾರೇ ಕೋಚ್ ಹೇಳ್ಲಿ. ವಯಸ್ಸಿನ ಮೋಸ ಹಿಡಿಯೋಕೆ ಕೇಂದ್ರ ಕ್ರೀಡಾ ಸಚಿವಾಲಯದ್ದೇ ನಿಯಮ ಐತೆ, ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡೋದು ಕ್ರಿಕೆಟ್‌ನಲ್ಲಿ ಈಗ ಮಾಮೂಲಿ.

ನಮ್ಮ ಮಕ್ಕಳು ಮೊದ್ಲು ಆಡೋದು ಎಲ್ಲಿ ಅಂದ್ರೆ ಸ್ಕೂಲ್ ಗೇಮ್ಸ್. ತಾಲೂಕು, ಜಿಲ್ಲೆ, ಆಮೇಲೆ ನಮ್ಮದು ಕಲಬುರಗಿ ವಿಭಾಗ, ಆಮೇಲೆ ರಾಜ್ಯ, ಅಲ್ಲಿಂದ ನ್ಯಾಷನಲ್. ನ್ಯಾಷನಲ್ ಸ್ಕೂಲ್ ಗೇಮ್ಸ್‌ನಲ್ಲಿ 14, 17, 19 ಅಂತ ಗ್ರೂಪ್. ನಮ್ಮ ದೇಶದ ಜಿಮ್ನಾಸ್ಟಿಕ್ಸ್ ಫೆಡರೇಶನ್ ಕಡೆಯಿಂದ ನಡೆಯೋದು ಬೇರೆ, ಅಲ್ಲಿ ಸಬ್ ಜೂನಿಯರ್, ಜೂನಿಯರ್, ಸೀನಿಯರ್. ಎರಡರ ಕಟ್ ಆಫ್ ಡೇಟ್ ಒಂದೇ ಅಂದ್ಕೊಳ್ಳಬ್ಯಾಡ್ರಿ. ಪ್ರತಿ ವರ್ಷ ಬರೋ ಸುತ್ತೋಲೆಲಿ "ಈ ದಿನಾಂಕಕ್ಕೆ ಇಷ್ಟು ವಯಸ್ಸು" ಅಂತ ಬರೆದಿರ್ತಾರೆ, ಪಿಟಿ ಮೇಷ್ಟ್ರ ಹತ್ರ ಅದರ ಫೋಟೋ ಇಸ್ಕೊಂಡು ಮೊಬೈಲಲ್ಲಿ ಇಟ್ಕೊಳ್ರಿ, ಬಾಯಿ ಮಾತಲ್ಲಿ ಕೇಳಿದ್ದು ನಂಬಬ್ಯಾಡ್ರಿ.

ಇನ್ನು ಐದಾರು ವರ್ಷದ ಮಗು ಏನು ಮಾಡ್ಬೇಕು. ಲಾಗ ಹಾಕೋದು, ಜೋತು ಬೀಳೋದು, ಕಪ್ಪೆ ತರ ಕುಪ್ಪಳಿಸೋದು, ಗೆರೆ ಮೇಲೆ ಬ್ಯಾಲೆನ್ಸ್, ಬಿದ್ದಾಗ ಹೆಂಗೆ ಬೀಳ್ಬೇಕು ಅನ್ನೋದು. ವಾರಕ್ಕೆ ಎರಡು ಮೂರು ದಿನ, ಒಂದು ಗಂಟೆ, ಅಷ್ಟು ಸಾಕು ಅನ್ನೋದು ನನ್ನ ಅನುಭವ. ಏಪ್ರಿಲ್ ಮೇನಲ್ಲಿ ನಮ್ಮ ಬಳ್ಳಾರಿ ಬಿಸ್ಲಿಗೆ ಎಂಟು ಗಂಟೆ ಮೇಲೆ ಶೀಟ್ ಹಾಕಿದ ಹಾಲಲ್ಲಿ ನಿಲ್ಲೋಕಾಗಲ್ಲ, ಅವಾಗ ಬೆಳಗ್ಗೆನೇ ಮುಗಿಸ್ರಿ. ಕ್ಲಾಸ್ ನೋಡೋಕೆ ಹೋದಾಗ ಟ್ರೋಫಿ ಶೋಕೇಸ್ ನೋಡಬ್ಯಾಡ್ರಿ, ಬಗ್ಗಿ ಮ್ಯಾಟ್ ಒತ್ತಿ ನೋಡ್ರಿ. ಕೈಗೆ ಕೆಳಗಿನ ಸಿಮೆಂಟ್ ತಾಗಿದ ಹಂಗೆ ಆದ್ರೆ ಅಲ್ಲಿ ಜಿಗಿಯೋದು ಬ್ಯಾಡ. ಮಗು ಅಳ್ತಾ ಇದ್ರೂ ಭುಜದ ಮೇಲೆ ಕೂತು ಸ್ಪ್ಲಿಟ್ (ಕಾಲು ಪೂರ್ತಿ ಅಗಲಿಸಿ ಕೂರೋದು) ಒತ್ತಿಸೋ ಕೋಚ್ ಇದ್ರೆ ಅವತ್ತೇ ಬಿಡಿಸ್ಕೊಂಡು ಬರ್ರಿ, ಇದನ್ನ ನಾನು ಕಣ್ಣಾರೆ ನೋಡೀನಿ, ಅಪ್ಪ ಅಮ್ಮ ಬಾಗ್ಲಲ್ಲಿ ವಿಡಿಯೋ ಮಾಡ್ತಾ ನಿಂತಿದ್ರು. ಮಣಿಕಟ್ಟು ನೋವು ಅಂತ ಮಗು ಎರಡು ದಿನ ಹೇಳಿದ್ರೆ ಎಣ್ಣೆ ತಿಕ್ಕಿ ಮತ್ತೆ ಕಳಿಸಬ್ಯಾಡ್ರಿ, ಕೈ ಮೇಲೆ ಭಾರ ಹಾಕೋದು ನಿಲ್ಲಿಸಿ ಎಲುಬಿನ ಡಾಕ್ಟ್ರಿಗೆ ತೋರ್ಸ್ರಿ.

ಇನ್ನೂ ಲೇಟ್ ಆಯ್ತು ಅನ್ನಿಸಿದ್ರೆ ಇವರನ್ನ ನೋಡ್ರಿ. ದೀಪಾ ಕರ್ಮಾಕರ್ ಆರು ವರ್ಷಕ್ಕೆ ಶುರು ಮಾಡಿದ್ದು, ಅದೂ ಅಂಗಾಲು ಚಪ್ಪಟೆ ಇರೋ ಪಾದ ಇಟ್ಕೊಂಡು, ತ್ರಿಪುರಾದಂಥ ಸಣ್ಣ ರಾಜ್ಯದಲ್ಲಿ. ರಿಯೊ 2016ರಲ್ಲಿ ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿನ ತರದ್ದರ ಮೇಲೆ ಕೈ ಊರಿ ಹಾರೋದು) ನಾಲ್ಕನೇ ಜಾಗಕ್ಕೆ ಬಂದಾಗ ಅವಳಿಗೆ ಆಗಷ್ಟೇ 23 ತುಂಬಿತ್ತು. 2024ರಲ್ಲಿ 30 ವರ್ಷಕ್ಕೆ ಏಷ್ಯನ್ ಚಾಂಪಿಯನ್ ಆದ್ಳು. ಉಜ್ಬೇಕಿಸ್ತಾನದ ಚುಸೊವಿಟಿನಾ ಟೋಕಿಯೋದಲ್ಲಿ ಆಡಿದಾಗ 46, ಅದು ಅವಳ ಎಂಟನೇ ಒಲಿಂಪಿಕ್ಸ್.

ಸ್ಪರ್ಧೆ ದಿನ ಹೋಗೋವಾಗ ಜನನ ಪ್ರಮಾಣ ಪತ್ರದ ಒರಿಜಿನಲ್, ಎರಡು ಜೆರಾಕ್ಸ್, ಹೆಡ್ ಮೇಷ್ಟ್ರು ಸಹಿ ಸೀಲು ಹಾಕಿದ ಫೋಟೋ ಇರೋ ಫಾರ್ಮ್, ಆಧಾರ್, ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ನಿಮ್ಮ ಕೈಚೀಲದಲ್ಲೇ ಇಟ್ಕೊಳ್ರಿ, ಮಗು ಬ್ಯಾಗಲ್ಲಿ ನೀರಿನ ಬಾಟ್ಲಿ ಜೊತೆ ಇಡಬ್ಯಾಡ್ರಿ. ಒರಿಜಿನಲ್‌ಗೆ ಲ್ಯಾಮಿನೇಷನ್ ಮಾಡಿಸಬ್ಯಾಡ್ರಿ, ಕೆಲವು ಕಡೆ ಒಪ್ಪಲ್ಲ. ಹಿಂದಿನ ಓಣಿ ಅಕ್ಕನ ಮಗಳದ್ದು ನೋಡಿದ್ವಿ, ಹೆಸರು ಸೇರಿಸಿಲ್ಲ, ಸೋಮವಾರ ಇಬ್ರೂ ಪಾಲಿಕೆ ಆಫೀಸ್‌ಗೆ ಹೋಗೋರಿದ್ದೀವಿ.