ಬಂಡೆದ್ದವರ ಕತೆಗೊಂದು ಓದುಕೂಟ: ದುರ್ಗದ ಕೋಟೆಯಲ್ಲಿ ನಡೆಸುವ ಬಗೆ

ಎದುರು ನಿಂತವರ ಕತೆ ಅಂದರೆ ಪ್ರಾಣ ಬಿಡುವವರು ಎಲ್ಲ ಊರಲ್ಲೂ ಇದ್ದಾರೆ. ಅವರನ್ನು ಕೂರಿಸಿಕೊಂಡು "ಇದು ಯಾಕೆ ಇಷ್ಟ?" ಎಂದು ಕೇಳಿ ನೋಡಿ. "ರಕ್ತ ಕುದಿಯುತ್ತೆ ಸಾರ್" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಕೇಳಬೇಕಾದದ್ದು ಬೇರೆ: ಓದುತ್ತಾ ಓದುತ್ತಾ ಯಾವ ಸಾಲಿಗೆ ಬಂದು ನಿಂತಿರಿ? ಈ ಒಂದು ಪ್ರಶ್ನೆಯ ಸುತ್ತ ಅರ್ಧ ದಿನದ ಕೂಟ ಕಟ್ಟಬಹುದು. ಚಿತ್ರದುರ್ಗ, ದಾವಣಗೆರೆ ಕಡೆಯವರಿಗಂತೂ ಕತೆ ನಡೆದ ಜಾಗವೇ ಕೈಗೆಟಕುವಷ್ಟು ಹತ್ತಿರ.

ಪುಸ್ತಕ ಮತ್ತು ಜನ

ಎಂಟರಿಂದ ಹನ್ನೆರಡು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಮೂವರು ಮಾತಾಡುತ್ತಾರೆ, ಉಳಿದವರು ಫೋನ್ ನೋಡುತ್ತಾರೆ.

ಪುಸ್ತಕ ಒಂದೇ ಇರಲಿ. ದುರ್ಗದ ಮಟ್ಟಿಗೆ ಕಾದಂಬರಿಕಾರ ತ.ರಾ.ಸು. ಅವರನ್ನು ಬಿಟ್ಟು ಮುಂದೆ ಹೋಗಲಾಗದು. ಉತ್ಸಾಹದಲ್ಲಿ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರನ್ನೂ ಒಟ್ಟಿಗೆ ಇಟ್ಟರೆ ಯಾರೂ ಮುಗಿಸಿ ಬರುವುದಿಲ್ಲ. 'ದುರ್ಗಾಸ್ತಮಾನ'ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಹೆಸರು ಎಲ್ಲರಿಗೂ ಗೊತ್ತು. ಆದರೆ ದಪ್ಪ ಪುಸ್ತಕ, ಮೊದಲ ಕೂಟಕ್ಕೆ ಭಾರವಾಗುತ್ತದೆ. ಮೂರರಲ್ಲಿ ಒಂದನ್ನು ಆರಿಸಿ, ಮೂರು ವಾರ ಮುಂಚೆ ತಿಳಿಸಿ.

ಪ್ರತಿಯೊಬ್ಬರೂ ಎರಡು ಚೀಟಿ ತರಬೇಕು. ಒಂದರಲ್ಲಿ "ಭೇಷ್" ಅನ್ನಿಸಿದ ಜಾಗ, ಇನ್ನೊಂದರಲ್ಲಿ ಮುಜುಗರವಾದ ಜಾಗ. ಪುಟಸಂಖ್ಯೆ ಬರೆಸಬೇಡಿ. ಒಬ್ಬರ ಕೈಯಲ್ಲಿ ಗ್ರಂಥಾಲಯದ ಹಳೇ ಪ್ರತಿ, ಇನ್ನೊಬ್ಬರ ಕೈಯಲ್ಲಿ ಹೊಸ ಮುದ್ರಣ ಇರುತ್ತದೆ. ಪುಟ ಹೊಂದದೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಅಧ್ಯಾಯದ ಸಂಖ್ಯೆ, ಆ ಪ್ಯಾರಾದ ಮೊದಲ ನಾಲ್ಕು ಪದ, ಇಷ್ಟು ಬರೆದರೆ ಎಲ್ಲರಿಗೂ ಸಿಗುತ್ತದೆ. ಎರಡನೇ ಚೀಟಿ ಇಲ್ಲದೆ ಬಂದವರಿಗೆ ಅಲ್ಲೇ ಬರೆಯಲು ಹೇಳಿ. ಕೂಟದ ನಿಜವಾದ ಮಾತು ಹೊರಡುವುದು ಆ ಚೀಟಿಯಿಂದಲೇ.

ಕೋಟೆಯಲ್ಲಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು. ಮಾರ್ಚ್ ದಾಟಿದರೆ ಹತ್ತು ಗಂಟೆಗೇ ಬಂಡೆ ಕಾಯುತ್ತದೆ. ಮಳೆ ಬಿದ್ದ ಮಾರನೇ ದಿನ ಬೇಡ, ಪಾಚಿಗಟ್ಟಿದ ಮೆಟ್ಟಿಲು ಜಾರುತ್ತವೆ. ದಾವಣಗೆರೆಯಿಂದ ಸುಮಾರು 60 ಕಿ.ಮೀ. ಆದ್ದರಿಂದ ಅಲ್ಲಿನವರು ಬೆಳಗಿನ ಬಸ್ಸು ಹಿಡಿಯಲಿ. ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರುವ ಸಾಹಸ ಬೇಡ. ಆರಿದ ಬೆಣ್ಣೆ ದೋಸೆಯನ್ನು ದಾವಣಗೆರೆಯವರೇ ತಿನ್ನುವುದಿಲ್ಲ.

ತಲೆಗೆ ಎರಡು ಲೀಟರ್ ನೀರು, ಹಿಡಿತವಿರುವ ಚಪ್ಪಲಿ ಅಥವಾ ಶೂ. ತಿಂಡಿ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಬ್ಯಾಗಿನೊಳಗೆ. ಮಂಡಕ್ಕಿಯ ಪ್ಲಾಸ್ಟಿಕ್ ಕವರು ಕೈಯಲ್ಲಿ ಕಂಡರೆ ಕೋತಿಗಳು ಬಿಡುವುದಿಲ್ಲ. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಮೈಕು, ಬ್ಯಾನರು ತರಬೇಡಿ, ಗೋಡೆಗೆ ಏನನ್ನೂ ಅಂಟಿಸಬೇಡಿ.

ಮೂರು ಕಡೆ ನಿಂತರೆ ಸಾಕು. ಮೊದಲನೆಯದು ಬಾಗಿಲುಗಳ ಬಳಿ. ಒಂದು ಬಾಗಿಲು ದಾಟಿ ಸೊಟ್ಟ ತಿರುಗಿದ ಮೇಲೆಯೇ ಮುಂದಿನದು ಕಾಣುತ್ತದೆ. ಆನೆ, ಕುದುರೆ ನೇರ ನುಗ್ಗದಿರಲಿ ಎಂದು ಹಾಗೆ ಕಟ್ಟಿದ್ದು. ಏಳು ಸುತ್ತಿನ ಈ ಕೋಟೆಯೊಳಗೆ ನಡೆಯುವ ಪಿತೂರಿ ಯಾಕೆ ಅಷ್ಟು ಉಸಿರುಗಟ್ಟಿಸುತ್ತದೆ ಎಂಬುದು ಇಲ್ಲಿ ನಡೆದರೇ ಅರ್ಥವಾಗುತ್ತದೆ. ಎರಡನೆಯದು ಮೇಲಿನ ದೇವಸ್ಥಾನಗಳ ಅಂಗಳ: ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ. ಆರಿಸಿದ ಭಾಗವನ್ನು ಇಲ್ಲಿಯೇ ನೆರಳು ನೋಡಿ ಗಟ್ಟಿಯಾಗಿ ಓದಿ. ಆರು ಪುಟಕ್ಕೆ ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಅದಕ್ಕಿಂತ ಉದ್ದ ಓದಿದರೆ ಕೇಳುವವರ ಗಮನ ಕೋತಿಗಳ ಕಡೆ ಹೋಗುತ್ತದೆ. ಮೂರನೆಯದು ಒನಕೆ ಓಬವ್ವನ ಕಿಂಡಿ. ಅದು ಇಕ್ಕಟ್ಟು, ಹಿಂದೆ ಪ್ರವಾಸಿಗರ ಸಾಲು ನಿಂತಿರುತ್ತದೆ. ನೋಡಿಕೊಂಡು ಸರಿಯಿರಿ, ಚರ್ಚೆಯನ್ನು ಆಚೆ ಬಯಲಲ್ಲಿ ಕೂತು ಮಾಡಿ.

ಕೇಳುವ ಪ್ರಶ್ನೆಗಳು

ಮೊದಲು: ಯಾರು, ಯಾರಿಗೆ, ಯಾವ ಮಾತಿನಲ್ಲಿ "ಆಗದು" ಅಂದರು? ಸಾಲು ತೋರಿಸಬೇಕು. ತೋರಿಸಲು ಹೊರಟಾಗ ಮಾತೇ ಸಿಗದೆ, ಬರೀ ಮೌನವೋ ಎದ್ದು ಹೋಗುವುದೋ ಸಿಗುವುದುಂಟು. ಅದನ್ನೂ ಬರೆದುಕೊಳ್ಳಿ.

ಆಮೇಲೆ: ಹಾಗಂದಿದ್ದಕ್ಕೆ ತೆತ್ತದ್ದೇನು? ಹೇಳಿದವರು ತೆತ್ತರೋ, ಮನೆಯವರು ತೆತ್ತರೋ? ಅಭಿಮಾನದ ಬೇರು ಇರುವುದು ಇಲ್ಲಿ. ಈ ಊರಿನ ಕತೆಗಳನ್ನು ಸುಮ್ಮನೆ ಸಾಲಾಗಿ ಇಟ್ಟು ನೋಡಿ. ಕೊನೆಯ ಮದಕರಿನಾಯಕ 1779ರಲ್ಲಿ ಹೈದರನಿಗೆ ಕೋಟೆ ಬಿಟ್ಟುಕೊಡಬೇಕಾಯಿತು. ಇದೇ ಬಂಡೆಗಳ ನಡುವೆ ಚಿತ್ರೀಕರಣವಾದ 1972ರ 'ನಾಗರಹಾವು' ಸಿನಿಮಾದಲ್ಲಿ ಮೇಷ್ಟ್ರೂ ಉಳಿಯುವುದಿಲ್ಲ, ರಾಮಾಚಾರಿಯೂ ಉಳಿಯುವುದಿಲ್ಲ. ಗೆದ್ದವರು ಯಾರೂ ಇಲ್ಲ. ಆದರೂ ಹೆಸರು ಎತ್ತಿದರೆ ಜನ ಎದ್ದು ಕೂರುತ್ತಾರೆ. ಮನೆಯಲ್ಲಿ, ಆಫೀಸಿನಲ್ಲಿ, ಕಾಲೇಜಿನಲ್ಲಿ ನುಂಗಿಕೊಂಡ ಮಾತನ್ನು ಇನ್ನೊಬ್ಬರು ಗಟ್ಟಿಯಾಗಿ ಆಡಿದ ಗಳಿಗೆ ಅವರಿಗೆ ಬೇಕು. ಗೆಲುವು ಬಂದರೆ ಲಾಭ, ಬರದಿದ್ದರೂ ನಷ್ಟವಿಲ್ಲ.

ಮೂರನೆಯ ಪ್ರಶ್ನೆ ಸ್ವಲ್ಪ ಚುಚ್ಚುತ್ತದೆ: ನಿಜಕ್ಕೂ ದಂಗೆ ಎದ್ದವರು ಯಾರು? ಮೂರು ಕಾದಂಬರಿಗಳಲ್ಲಿ ಅರಮನೆಯ ವಿರುದ್ಧ ಕತ್ತಿ ಎತ್ತುವವನು ದಳವಾಯಿ ಮುದ್ದಣ್ಣ. ಓದುಗರಿಗೆ ಅವನು ಕಂಡರಾಗದು. ಓಬವ್ವ ಯಾರ ವಿರುದ್ಧವೂ ಬಂಡೇಳಲಿಲ್ಲ. ಕಾವಲುಗಾರನ ಹೆಂಡತಿಯಾಗಿ ಕೋಟೆ ಕಾದವಳು. ಆದರೂ ಬಂಡಾಯದ ಮಾತೆತ್ತಿದರೆ ಅವಳ ಹೆಸರೇ ಮೊದಲು ಬರುತ್ತದೆ. ಅಧಿಕಾರಕ್ಕಾಗಿ ಎದ್ದವನನ್ನು ಜನ ಬಂಡುಕೋರನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೈಗೆ ಸಿಕ್ಕ ಒನಕೆ ಹಿಡಿದು ಎದುರು ನಿಂತವಳನ್ನು ತೆಗೆದುಕೊಳ್ಳುತ್ತಾರೆ. ಈ ಪ್ರಶ್ನೆಗೆ ಅರ್ಧ ಗಂಟೆಯಾದರೂ ಮೀಸಲಿಡಿ, ಅವಸರ ಮಾಡಬೇಡಿ.

ಕೊನೆಗೆ: ಕತೆಯಿಂದ ಹೊರಗೆ ಎತ್ತಿಕೊಂಡು ಬಂದದ್ದೇನು? ಬೈಕಿನ ಸ್ಟಿಕರ್, ಡಿಪಿ, ಮಗುವಿಗಿಟ್ಟ ಹೆಸರು, ಯಾವುದಾದರೂ ಸರಿ. 'ನಾಗರಹಾವು' ಮೂಲಕ ತೆರೆಗೆ ಬಂದ ಅಂಬರೀಷ್ ಅವರನ್ನು ಜನ ಕರೆದದ್ದೇ ರೆಬೆಲ್ ಸ್ಟಾರ್ ಎಂದು. ದುರ್ಗದ ಕ್ರೀಡಾಂಗಣಕ್ಕೆ ಓಬವ್ವನ ಹೆಸರಿದೆ, ನವೆಂಬರ್ 11 ಸರ್ಕಾರಿ ಜಯಂತಿ. ದೂರದ ಉದಾಹರಣೆ ಬೇಕಿದ್ದರೆ ಥಾಯ್ಲೆಂಡ್‌ನದು ಕೊಡಿ. 'ದಿ ಹಂಗರ್ ಗೇಮ್ಸ್' ಚಿತ್ರದ ಮೂರು ಬೆರಳ ಸನ್ನೆಯನ್ನು 2014ರ ಸೇನಾ ದಂಗೆಯ ಬಳಿಕ ಅಲ್ಲಿನ ಪ್ರತಿಭಟನಕಾರರು ಬೀದಿಗೆ ತಂದರು. ಅಲ್ಲಿ ಸನ್ನೆ ಎತ್ತಿದವರನ್ನು ಪೊಲೀಸರು ಹಿಡಿದರು, ಇಲ್ಲಿ ಒನಕೆಗೆ ಸರ್ಕಾರವೇ ಹಾರ ಹಾಕುತ್ತದೆ. ವ್ಯತ್ಯಾಸ ಯಾಕೆ ಎಂದು ಕೇಳಿ ಸುಮ್ಮನಾಗಿ. ಉತ್ತರ ಅವರೇ ಹುಡುಕುತ್ತಾರೆ.

ಎಲ್ಲಿ ಕೆಡುತ್ತದೆ

ಹೆಚ್ಚಾಗಿ ಕೆಡುವುದು "ಇತಿಹಾಸದಲ್ಲಿ ಹಾಗಿಲ್ಲ" ಎಂಬಲ್ಲಿ. ಒಬ್ಬರು ಶುರು ಮಾಡಿದರೆ ಒಂದು ಗಂಟೆ ಹೋಯಿತು. ಮೊದಲೇ ಒಂದು ಹಾಳೆಗೆ ಮೂರು ಮನೆ ಗೀಟು ಹಾಕಿ: ದಾಖಲೆ, ಕಾದಂಬರಿ, ನೋಡಬೇಕು. ಭರಮಣ್ಣನಾಯಕ 1689ರಲ್ಲಿ ದುರ್ಗದ ಪಟ್ಟಕ್ಕೆ ಬಂದದ್ದು ಮೊದಲನೆಯದಕ್ಕೆ. ಪಾತ್ರಗಳ ಮನಸ್ಸಿನ ಮಾತೆಲ್ಲ ಎರಡನೆಯದಕ್ಕೆ. ಜಗಳ ಎದ್ದದ್ದು ಮೂರನೆಯದಕ್ಕೆ ಹೋಗಲಿ, ಮಾತು ಮುಂದುವರಿಯಲಿ.

ಜಾತಿಯ ಮಾತು ಬಂದೇ ಬರುತ್ತದೆ. "ನಮ್ಮವರು" ಎಂಬ ಹೆಮ್ಮೆಯನ್ನು ತಡೆಯಲು ಹೋದರೆ ಮನಸ್ಸು ಮುರಿಯುತ್ತದೆ, ಬಿಟ್ಟರೆ ಉಳಿದವರು ಬಾಯಿ ಮುಚ್ಚುತ್ತಾರೆ. ಹೇಳಲು ಬಿಡಿ, ಮರುಕ್ಷಣವೇ ಚೀಟಿಯ ಸಾಲಿಗೆ ಕರೆತನ್ನಿ. ನಟರ ಅಭಿಮಾನಿಗಳ ಜಟಾಪಟಿಗೂ ಮದ್ದು ಇದೇ. ಸಿನಿಮಾ ನೋಡಿ ಪುಸ್ತಕ ಓದದೆ ಬಂದವರನ್ನು ವಾಪಸ್ ಕಳಿಸಬೇಡಿ, ಆ ಆರು ಪುಟ ಗಟ್ಟಿಯಾಗಿ ಓದುವ ಕೆಲಸ ಅವರಿಗೇ ಕೊಡಿ.

ಇನ್ನೊಂದು ಗೊಂದಲ. 1979ರಿಂದ ಸಂಘಟನೆಯಾಗಿ ಬೆಳೆದ ಬಂಡಾಯ ಸಾಹಿತ್ಯ ಬೇರೆಯೇ ವಿಷಯ. ಅದನ್ನು ಇದೇ ದಿನ ತುರುಕಿದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

ಹೊತ್ತು ಉಳಿದರೆ ಒಂದು ವಿಷಯ ಎತ್ತಬಹುದು. ದುರ್ಗದ ಪಕ್ಕದ ತುರುವನೂರಿನಲ್ಲಿ 1939ರಲ್ಲಿ ಅರಣ್ಯ ಸತ್ಯಾಗ್ರಹವಾಯಿತು, ಜನ ಈಚಲು ಮರ ಕಡಿದು ಕಾನೂನು ಮುರಿದರು. ನಡೆದ ಬಂಡಾಯ, ಹತ್ತಿರದ ಊರು. ಇಂಥದ್ದರ ಕತೆಗೆ ಯಾವ ದೃಶ್ಯದಿಂದ ಶುರು ಮಾಡುತ್ತೀರಿ ಎಂದು ಕೇಳಿ. ಒಬ್ಬ ನಾಯಕನೂ ಒಬ್ಬ ಖಳನೂ ಕಣ್ಣಿಗೆ ಕಟ್ಟದೆ ಹಲವರು ತಡವರಿಸುತ್ತಾರೆ. ಕೊಡಲಿ ಹಿಡಿದ ಗುಂಪನ್ನು ಪಾತ್ರ ಮಾಡುವುದು ಸುಲಭವಲ್ಲ.

ಹನ್ನೊಂದರ ಹೊತ್ತಿಗೆ ಇಳಿಯಲು ಶುರು ಮಾಡಿ. ಚೀಟಿಗಳ ಫೋಟೊ ತೆಗೆದು ಗುಂಪಿಗೆ ಹಾಕಿ, ಬರೆದವರ ಹೆಸರು ಬೇಡ. ಮುಂದಿನ ಪುಸ್ತಕ ಯಾವುದೆಂದು ಹೇಳುವ ಹಕ್ಕು ಅಂದು ಎಲ್ಲರಿಗಿಂತ ಕಡಿಮೆ ಮಾತಾಡಿದವರಿಗೆ ಸೇರಲಿ.