ಮನೆಯ ಒಲೆಯಲ್ಲೇ ದೊಲ್ಸೊತ್ ಬಿಬಿಂಬಾಪ್: ತಳ ಗರಿಗರಿ ಬಂತು

"ಹೋಟೆಲ್‌ನವರ ಉರಿಯೇ ಬೇರೆ. ಮನೇಲಿ ತಳ ಗರಿಗರಿ ಬರಲ್ಲ ಕಣೋ, ಸುಮ್ನೆ ದುಡ್ಡು ದಂಡ." ದಕ್ಷಿಣ ಕೊರಿಯಾದ ಸುವೊನ್‌ನಲ್ಲಿರುವ ನಮ್ಮ ಕನ್ನಡದ ಗೆಳೆಯರೆಲ್ಲ ಹೀಗೇ ಹೇಳುತ್ತಿದ್ದರು. ದೊಲ್ಸೊತ್ ಬಿಬಿಂಬಾಪ್ ಅಂದರೆ ಬಿಸಿ ಕಲ್ಲಿನ ಪಾತ್ರೆಯಲ್ಲಿ ಅನ್ನ, ತರಕಾರಿ, ಖಾರದ ಸಾಸು ಕಲಸಿ ತಿನ್ನುವ ಕೊರಿಯನ್ ಊಟ. ತಳದ ಅನ್ನ ಗರಿಗರಿಯಾದರೇ ಅದಕ್ಕೆ ರುಚಿ. ಮೇಲಿನ ಮನೆಯ ಕೊರಿಯನ್ ಆಂಟಿಗೂ ನಂಬಿಕೆ ಇರಲಿಲ್ಲ. ಮೊನ್ನೆ ಅವರೇ ನನ್ನ ಪಾತ್ರೆಯ ತಳ ಕೆರೆದು ತಿಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನುವುದಿಲ್ಲ. ಹೊರಗೆ ತಿಂದರೆ ಒಂದು ಬಟ್ಟಲಿಗೆ 11 ಸಾವಿರ ವಾನ್ ಆಸುಪಾಸು. ಮಾಂಸ ತೆಗೆದು ಕೊಡಿ ಅಂದರೆ ಕೊಡುತ್ತಾರೆ. ಆದರೆ ಜಿಯೊಂಜು ಊರಿನ ಶೈಲಿಯಲ್ಲಿ ಅನ್ನವನ್ನೇ ದನದ ಮೂಳೆಯ ಸಾರಿನಲ್ಲಿ ಬೇಯಿಸುವುದುಂಟು. ಮನೆಯಲ್ಲೇ ಮಾಡದೆ ನನಗೆ ಬೇರೆ ದಾರಿ ಇರಲಿಲ್ಲ.

ಮೊದಲ ಕಲ್ಲಿನ ಪಾತ್ರೆ ಅಗ್ಗದ್ದು, ಹದಿನೈದು ಸಾವಿರ ಇರಬೇಕು. ಚಳಿಗಾಲ ಮುಗಿಯುವ ಮೊದಲೇ ಬಿರುಕು ಬಿಟ್ಟಿತು. ಆಮೇಲೆ ಜಾಂಗ್ಸು ಕಡೆಯ ಬಳಪದ ಕಲ್ಲಿನದ್ದು ತಂದೆ. ಅದು ಹತ್ತಿರ ಹತ್ತಿರ 50 ಸಾವಿರ. ಮನೆಯಲ್ಲಿರುವುದು ಇಂಡಕ್ಷನ್ ಒಲೆ, ಕಲ್ಲು ಅದರ ಮೇಲೆ ಕಾಯುವುದೇ ಇಲ್ಲ. ಹಾಗಾಗಿ ಬ್ಯೂಟೇನ್ ಡಬ್ಬಿ ಹಾಕುವ ಚಿಕ್ಕ ಗ್ಯಾಸ್ ಒಲೆಗೂ ಸುಮಾರು ಮೂವತ್ತು ಸಾವಿರ ಹೋಯಿತು. ಹೊಸ ಪಾತ್ರೆಯಲ್ಲಿ ಮೊದಲು ಉಪ್ಪುನೀರು ಕುದಿಸಿದೆ, ಮರುದಿನ ಅಕ್ಕಿ ತೊಳೆದ ನೀರು, ಕೊನೆಗೆ ಎಣ್ಣೆ ಸವರಿ ಇಟ್ಟೆ. ನಮ್ಮ ಕಡೆ ಸಾರಿನ ಕಲ್ಲುಪಾತ್ರೆ ಪಳಗಿಸುವುದೂ ಹೆಚ್ಚುಕಡಿಮೆ ಹೀಗೇ ಅಲ್ವಾ?

ಎಲ್ಲರೂ ಹೇಳಿದ್ದು, ಪಾತ್ರೆ ಕೆಂಡದ ಹಾಗೆ ಕಾಯಲಿ, ಆಮೇಲೆ ಅನ್ನ ಹಾಕು ಅಂತ. ಹಾಗೆ ಮಾಡಿದಾಗಲೆಲ್ಲ ನಡುವೆ ಕರಕಲು, ಸುತ್ತ ಮೆತ್ತಗೆ. ಚಿಕ್ಕ ಒಲೆಯ ಉರಿ ನಡುವೆಯೇ ಹೊಡೆಯುತ್ತದೆ. ನಾನು ಉಲ್ಟಾ ಮಾಡಿದೆ. ತಣ್ಣಗಿನ ಪಾತ್ರೆಗೆ ಎಣ್ಣೆ ಸವರಿ, ಅನ್ನ ಹರಡಿ, ಮೇಲೆ ತರಕಾರಿ ಜೋಡಿಸಿ, ಆಮೇಲೆ ಒಲೆ ಹಚ್ಚಿದೆ. ಉರಿ ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ. ನಾಲ್ಕೈದು ನಿಮಿಷಕ್ಕೆ ಚಿಟಚಿಟ ಶುರುವಾಗುತ್ತದೆ. ಮೊದಲು ಬರುವುದು ಒದ್ದೆ ಸದ್ದು, ಅದಕ್ಕೆ ಮೋಸ ಹೋಗಬೇಡಿ. ಸದ್ದು ಒಣಗಿ ಸಣ್ಣದಾದಾಗ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಅಂಚಿನ ಕೆಳಗೆ ಉರಿ ಬರುವಂತೆ ಇಡುತ್ತೇನೆ, ಆಮೇಲೆ ಕಾಲು ಸುತ್ತು ತಿರುಗಿಸುತ್ತಾ ಹೋಗುತ್ತೇನೆ. ಒಟ್ಟು ಎಂಟು ಹತ್ತು ನಿಮಿಷ. ಬರೀ ಎಳ್ಳೆಣ್ಣೆ ಸವರಿದರೆ ನನ್ನ ಒಲೆಯಲ್ಲಿ ಕಹಿ ಬಂತು. ಈಗ ತಳಕ್ಕೆ ಸಾದಾ ಎಣ್ಣೆ, ಎಳ್ಳೆಣ್ಣೆ ಕೊನೆಗೆ ಅಂಚಿನ ಸುತ್ತ.

ಇಷ್ಟಾದರೂ ತರಕಾರಿಯಲ್ಲಿ ನೀರಿದ್ದರೆ ಎಲ್ಲವೂ ಹಾಳು. ಪಾಲಕ್ ಅರ್ಧ ನಿಮಿಷ ಬಿಸಿನೀರಲ್ಲಿ ಅದ್ದಿ ಹಿಂಡಿದರೆ ದೊಡ್ಡ ಕಟ್ಟು ಒಂದು ಮುಷ್ಟಿಯಾಗಬೇಕು. ಹಿಂಡಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಇನ್ನೊಮ್ಮೆ ಹಿಂಡಿ. ಕುಂಬಳದ ಜಾತಿಯ ಹಸಿರು ಕಾಯಿ ಏಹೊಬಾಕ್‌ಗೆ ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟರೆ ನೀರು ತಾನೇ ಬಿಡುತ್ತದೆ. ಕೊಂಗ್‌ನಾಮುಲ್ ಎಂಬ ಸೋಯಾ ಕಾಳಿನ ಮೊಳಕೆಯನ್ನು ಬೇಯಿಸಿ ಅಗಲ ತಟ್ಟೆಯಲ್ಲಿ ಆರಲು ಬಿಡುತ್ತೇನೆ. ಮಾಂಸದ ಬದಲು ಶಿಟಾಕೆ ಅಣಬೆ, ಸೋಯಾ ಸಾಸಿನಲ್ಲಿ ಹುರಿದದ್ದು.

ಅಕ್ಕಿ ಕೊರಿಯಾದ್ದೇ ಇರಲಿ. ಊರಿಂದ ತಂದ ಸೋನಾ ಮಸೂರಿಯಲ್ಲೂ ಮಾಡಿ ನೋಡಿದೆ. ಅಗುಳು ಒಂದಕ್ಕೊಂದು ಅಂಟುವುದಿಲ್ಲ, ಹಾಳೆಯಾಗಿ ಏಳುವ ಬದಲು ಪುಡಿಪುಡಿ. ಬಾಲ್ಕನಿಯ ಕುಂಡದ ಮೆಂತ್ಯ ಸೊಪ್ಪನ್ನು ಪಾಲಕ್ ಬದಲು ಹಾಕಿದ್ದು ಮಾತ್ರ ಸೊಗಸಾಗಿತ್ತು. ಕೊರಿಯನ್ ಮೆಣಸಿನ ಪೇಸ್ಟ್ ಗೊಚುಜಾಂಗ್‌ನ ಸಿಹಿಗೆ ಆ ಕಹಿ ಚೆನ್ನಾಗಿ ಹೊಂದುತ್ತದೆ. ಇಲ್ಲಿಯ ಗೊಸಾರಿ ಒಂದು ಜರಿಸೊಪ್ಪು. ಕೊಡಗಿನ ತೆರ್ಮೆ ತೊಪ್ಪು ತಿಂದವರಿಗೆ ಅದು ಹೊಸದೇನಲ್ಲ. ಆದರೆ ಜಾತಿ ಬೇರೆ. ಹಸಿ ಗೊಸಾರಿಯಲ್ಲಿ ವಿಷ ಇರುತ್ತದೆ. ಕುದಿಸಿ, ರಾತ್ರಿಯಿಡೀ ನೆನೆಸಿ, ನೀರು ಬದಲಿಸುವುದನ್ನು ತಪ್ಪಿಸಬೇಡಿ.

ಸಾಸಿಗೆ ಗೊಚುಜಾಂಗ್, ಎಳ್ಳೆಣ್ಣೆ, ಬೆಳ್ಳುಳ್ಳಿ, ವಿನೆಗರ್, ಸಕ್ಕರೆ ಬದಲು ತುರಿದ ಕೊರಿಯನ್ ಪೇರ್. ಇನ್ನೊಂದು ವಸ್ತುವೂ ಇದೆ, ಅದನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಪಾತ್ರೆ, ಒಲೆ ಬಿಟ್ಟರೆ ಈಗ ಒಂದು ಬಟ್ಟಲಿಗೆ ಮೂರೂವರೆ ಸಾವಿರ ವಾನ್ ಬೀಳಬಹುದು, ಪಾಲಕ್ ತುಟ್ಟಿಯಾದ ತಿಂಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಊಟ ಆದಮೇಲೆ ತಳಕ್ಕೆ ಬಿಸಿನೀರು ಹೊಯ್ದು ಐದು ನಿಮಿಷ ಬಿಟ್ಟು ಕುಡಿಯಿರಿ, ಪಾತ್ರೆಯೂ ಅರ್ಧ ಸ್ವಚ್ಛ. ಸೋಪು ಮುಟ್ಟಿಸಬೇಡಿ, ಕಲ್ಲು ಹೀರಿಕೊಳ್ಳುತ್ತದೆ. ತೆಂಗಿನ ನಾರು, ಕಲ್ಲುಪ್ಪು ಸಾಕು.